ನಕಾಟಾ ಕಟ್ಟಿಕೊಂಡ ಜಗಲಿ

2006ರ ಜೂನ್ 22, ಜರ್ಮನಿಯ ಡಾರ್ಟ್ಮಂಡ್. ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಜಪಾನ್ ತಂಡ ಬ್ರೆಜಿಲ್ ಎದುರು 1–4ರಿಂದ ಸೋತಿತ್ತು. ಆಟ ಮುಗಿದು ಎಷ್ಟೋ ಹೊತ್ತಾದರೂ ಜಪಾನಿನ ಆಟಗಾರ ಹಿಡೆತೋಶಿ ನಕಾಟಾ ಹುಲ್ಲಿನ ಮೇಲೆ ಅಂಗಾತ ಬಿದ್ದುಕೊಂಡೇ ಇದ್ದರು. ಅದರ ಅರ್ಥ ಅಭಿಮಾನಿಗಳಿಗೆ ಹೊಳೆದದ್ದು ಜುಲೈ 3ರಂದು. ಇಪ್ಪತ್ತೊಂಬತ್ತನೇ ವಯಸ್ಸಿಗೇ ನಿವೃತ್ತಿ! ಸುದ್ದಿ ಹೊರಬಿದ್ದದ್ದು ಪತ್ರಿಕಾಗೋಷ್ಠಿಯಲ್ಲಲ್ಲ, ಅವರದೇ ವೆಬ್‌ಸೈಟಿನಲ್ಲಿ.

ಆಗಿನ್ನೂ ಸಾಮಾಜಿಕ ಜಾಲತಾಣಗಳಲ್ಲಿ ವಿದಾಯ ಹೇಳುವ ರೂಢಿ ಇರಲಿಲ್ಲ. ಟ್ವಿಟರ್ ಎಲ್ಲರಿಗೂ ತೆರೆದುಕೊಂಡದ್ದು ಅದೇ ತಿಂಗಳ ನಡುವಿನಲ್ಲಿ. ಕ್ರಿಕೆಟಿಗ ಧೋನಿ ಇನ್‌ಸ್ಟಾಗ್ರಾಂನಲ್ಲಿ ವಿದಾಯ ಹೇಳಿದ 2020ರ ಆಗಸ್ಟ್ 15ಕ್ಕೆ ಇನ್ನೂ ಹದಿನಾಲ್ಕು ವರ್ಷವಿತ್ತು.

ನಕಾಟಾರ ವೆಬ್‌ಸೈಟ್ ಎಂಬ ಈ ಜಗಲಿ ಹುಟ್ಟಿದ್ದು ಮುನಿಸಿನಿಂದ. 1998ರ ಆರಂಭದಲ್ಲಿ ರಾಷ್ಟ್ರಗೀತೆಯ ಬಗ್ಗೆ ನಕಾಟಾ ಆಡಿದ ಮಾತೊಂದು ಪತ್ರಿಕೆಯಲ್ಲಿ ಅಚ್ಚಾಗಿ, ಬಲಪಂಥೀಯರು ಅವರ ಮೇಲೆ ಮುಗಿಬಿದ್ದರು. ಅಲ್ಲಿಂದ ವರದಿಗಾರರೊಡನೆ ಮಾತು ಕಡಿಮೆಯಾಯಿತು. ಆ ವರ್ಷವೇ ನಕಾಟಾ.ನೆಟ್ ಶುರುವಾಯಿತು. ಹೇಳುವುದಿದ್ದರೆ ನಾನೇ ಹೇಳುತ್ತೇನೆ ಎಂಬ ಧಾಟಿ. ಸೊಕ್ಕು ಎಂದವರೂ ಇದ್ದರು. ಆದರೆ ಓದದೆ ಬಿಟ್ಟವರು ಕಡಿಮೆಯೇ ಇರಬೇಕು.

ಕಿವಿಗೊಟ್ಟು ಕೂರಲು ಜನರಿಗೆ ಕಾರಣಗಳಿದ್ದವು. 1997ರ ನವೆಂಬರಿನಲ್ಲಿ ಮಲೇಷ್ಯಾದ ಜೊಹೊರ್ ಬಾರುವಿನಲ್ಲಿ ಇರಾನನ್ನು 3–2ರಿಂದ ಮಣಿಸಿ ಜಪಾನ್ ಮೊದಲ ಬಾರಿಗೆ ವಿಶ್ವಕಪ್ಪಿಗೆ ಹೋಯಿತಲ್ಲ, ಆ ಮೂರು ಗೋಲುಗಳ ಹಿಂದೆಯೂ ಈ ಹುಡುಗನ ಕಾಲಿತ್ತು. ಮರುವರ್ಷ ಇಟಲಿಯ ಪೆರುಜಾ ಕ್ಲಬ್ ಸೇರಿ, ಲೀಗಿನ ಚೊಚ್ಚಲ ಪಂದ್ಯದಲ್ಲೇ ಯುವೆಂಟಸ್ ವಿರುದ್ಧ ಎರಡು ಗೋಲು ಹೊಡೆದರು. ಜಪಾನಿನ ಪ್ರವಾಸಿಗರು ಆ ಪುಟ್ಟ ಊರಿಗೆ ಬಂದು ಅವರ ಹೆಸರಿನ ಜೆರ್ಸಿ ಕೊಳ್ಳತೊಡಗಿದರು.

ಆದರೆ ಇಂದಿಗೂ ಮೊಬೈಲಿನಿಂದ ಮೊಬೈಲಿಗೆ ಹಾರುವ ವಿಡಿಯೊ ರೋಮಾ ಕ್ಲಬ್ಬಿನ ಕಾಲದ್ದು. 2001ರ ಮೇ 6, ತುರಿನ್. ಯುವೆಂಟಸ್ ಆರಂಭದಲ್ಲೇ 2–0 ಮುಂದೆ. ಯುರೋಪಿಯನ್ ಒಕ್ಕೂಟದ ಹೊರಗಿನ ಆಟಗಾರರ ಮೇಲಿದ್ದ ಮಿತಿಯನ್ನು ಇಟಲಿಯ ಫುಟ್‌ಬಾಲ್ ಮಂಡಳಿ ಸಡಿಲಿಸಿದ್ದು ಪಂದ್ಯಕ್ಕೆ ಕೆಲವೇ ದಿನ ಮುಂಚೆ. ಇಲ್ಲದಿದ್ದರೆ ನಕಾಟಾ ಬೆಂಚಿಗೂ ಬರುತ್ತಿದ್ದರೋ ಇಲ್ಲವೋ. ದ್ವಿತೀಯಾರ್ಧದಲ್ಲಿ ಕೋಚ್ ಫಾಬಿಯೊ ಕಪೆಲ್ಲೊ ಹೊರಗೆ ಕರೆದದ್ದು ರೋಮಾದ ಆರಾಧ್ಯದೈವ ಟೊಟ್ಟಿಯನ್ನೇ! ಒಳಗೆ ಬಂದ ನಕಾಟಾ ದೂರದಿಂದಲೇ ಬೀಸಿ ಒದ್ದ ಚೆಂಡು ನೇರ ಬಲೆಗೆ. ಕೊನೆಗಳಿಗೆಯಲ್ಲಿ ಅವರ ಇನ್ನೊಂದು ಹೊಡೆತವನ್ನು ಗೋಲ್‌ಕೀಪರ್ ತಡೆದರೂ ಹಿಡಿಯಲಾಗಲಿಲ್ಲ, ರೋಮಾದ ಮೊಂಟೆಲ್ಲಾ ಅದನ್ನು ಒಳಗೆ ತಳ್ಳಿದರು. 2–2. ಆ ಋತುವಿನಲ್ಲಿ ರೋಮಾ ಲೀಗ್ ಪ್ರಶಸ್ತಿ ಗೆದ್ದದ್ದು ಯುವೆಂಟಸ್‌ಗಿಂತ ಎರಡೇ ಅಂಕ ಹೆಚ್ಚು ಗಳಿಸಿ.

ಪಾರ್ಮಾ, ಬೊಲೊನ್ಯಾ, ಫಿಯೊರೆಂಟಿನಾ, ಇಂಗ್ಲೆಂಡಿನ ಬೋಲ್ಟನ್ ಎಂದು ಸುತ್ತಿ ಬೂಟು ಬಿಚ್ಚಿಟ್ಟವರು ಕೋಚ್ ಆಗಲಿಲ್ಲ, ಲೋಕ ತಿರುಗಿದರು. 2009ರಿಂದ ಜಪಾನಿನ 47 ಪ್ರಾಂತ್ಯಗಳ ಸಂಚಾರ ಹೊರಟು ಕುಂಬಾರರು, ನೇಕಾರರು, ರೈತರು, ಅಕ್ಕಿಯಿಂದ ‘ಸಾಕೆ’ ಮದ್ಯ ಮಾಡುವ ಮನೆತನಗಳವರ ಬಾಗಿಲು ತಟ್ಟಿದರು. 2015ರಲ್ಲಿ ಸಾಕೆಗೆಂದೇ ಕಂಪನಿ ಕಟ್ಟಿದರು. ಈಗ ಅವರ ಹೆಸರು ಹುಡುಕಿದರೆ ತುರಿನ್‌ನ ಗೋಲಿನ ಪಕ್ಕದಲ್ಲೇ ಮದ್ಯದ ಶೀಷೆಗಳೂ ಕಾಣುತ್ತವೆ. ಶೀಷೆಯ ಚೀಟಿಯಲ್ಲಿರುವ ಜಪಾನಿ ಬರಹದ ಕಾಂಜಿ ಅಕ್ಷರ ಓದಲು ಬಾರದವರಿಗಾಗಿ ಅವರ ಕಂಪನಿ ತಂದ ಆ್ಯಪ್ ಒಂದಿದೆ, ಸಾಕೆನೋಮಿ ಅಂತ. ಚೀಟಿಗೆ ಫೋನು ಹಿಡಿದರೆ ಒಳಗಿರುವುದು ಯಾವ ಸಾಕೆ, ಮಾಡಿದವರು ಯಾರು ಎಂದು ತಿಳಿಸುತ್ತದೆ.