ಮೂಳೆಯೊಳಗಿದ್ದ ಮೂಳೆ

ಜೇವರ್ಗಿ ಊರಿನವರಿಗೆ ಬಿದ್ದರೆ ಮುರಿಯುವುದು 'ಎಲಬು'. 'ಮೂಳೆ' ಅವರಿಗೆ ಎದುರಾಗುವುದು ಭೀಮಾ ನದಿ ದಾಟಿ ಕಲಬುರಗಿಯ ಆಸ್ಪತ್ರೆಗೆ ಹೋದಾಗ, ಫಲಕಗಳ ಮೇಲೆ. ಎಲಬು, ಎಲುಬು, ಹಳೆಯ ಎಲು, ತಮಿಳಿನ ಎಲುಂಬು: ಈ ಬಳಗ ಮೊದಲಿನಿಂದಲೂ ಗಟ್ಟಿ ಭಾಗವನ್ನೇ ಹೆಸರಿಸಿದೆ. ಮೂಳೆ ಹಾಗಲ್ಲ, ಅದು ಮನೆ ಬದಲಿಸಿದ ಪದ.

ತಮಿಳಿನಲ್ಲಿ 'ಮೂಳೈ' ಎಂದರೆ ಮಿದುಳು, ಮಜ್ಜೆಯೂ ಹೌದು. ತೆಲುಗಿನ 'ಮೂಲುಗ' ಇಂದಿಗೂ ಮಜ್ಜೆಯೇ. ದ್ರಾವಿಡ ಭಾಷೆಗಳ ನಿಘಂಟುಕಾರರು ನಮ್ಮ ಮೂಳೆಯನ್ನು ಇವುಗಳ ಜೊತೆಗೇ ಕೂರಿಸುತ್ತಾರೆ. ಒಳಗಿನ ತಿರುಳಿನ ಹೆಸರು ಕನ್ನಡದಲ್ಲಿ ಹೊರಗಿನ ಕೊಳವೆಗೆ ಅಂಟಿತು. ತಿರುಳಿಗೆ ಸಂಸ್ಕೃತದ ಮಜ್ಜೆ ಬಂತು. ವೈದ್ಯಲೇಖಕರ 'ಮೂಳೆ ಮಜ್ಜೆ' ಹೀಗೆ ನೋಡಿದರೆ ಮಜ್ಜೆಯ ಮಜ್ಜೆ! ಮಟನ್ ಅಂಗಡಿಯವರೇ ಜಾಣರು, ಮಜ್ಜೆ ತುಂಬಿದ ಎಲುಬಿಗೆ 'ನಲ್ಲಿ' ಎಂದು ಮುಗಿಸಿಬಿಡುತ್ತಾರೆ.

ಮೂಳೆ ಪದದ ಹಳೆಯ ಅರ್ಥ ನೆನಪಿದ್ದರೆ ಮೈಲೋಮಾ ಎಂಬ ಕ್ಯಾನ್ಸರ್ ಸುಲಭವಾಗಿ ತಿಳಿಯುತ್ತದೆ. ಗ್ರೀಕಿನ 'ಮ್ಯೆಲೋಸ್' ಕೂಡ ಮಜ್ಜೆಯೇ (ಮೂಳೈಗೂ ಅದಕ್ಕೂ ನಂಟು ಕಟ್ಟುವ ಆಸೆ ಬೇಡ). ಮಜ್ಜೆಯ ಪ್ಲಾಸ್ಮಾ ಕೋಶಗಳು ಕ್ಯಾನ್ಸರಾಗಿ, ಎಲುಬನ್ನು ಕರಗಿಸುವ ಕೋಶಗಳನ್ನು ಕೆರಳಿಸುತ್ತವೆ, ಕಟ್ಟುವ ಕೋಶಗಳನ್ನು ತಡೆಯುತ್ತವೆ. ಕೊಡ ಎತ್ತಿದರೂ ಬೆನ್ನಿನ ಎಲುಬು ಕುಸಿಯಬಹುದು. 'ಟೊಂಕ ಬ್ಯಾನಿ' ಎಂದು ಎಣ್ಣೆ ತಿಕ್ಕುತ್ತ ತಿಂಗಳುಗಳು ಕಳೆಯುತ್ತವೆ. ಸ್ತನದ, ಪ್ರಾಸ್ಟೇಟಿನ ಕ್ಯಾನ್ಸರುಗಳೂ ಎಲುಬಿಗೆ ಹರಡುವಾಗ ರಕ್ತದಲ್ಲಿ ಬಂದು ಮೊದಲು ನೆಲೆಸುವುದು ಮಜ್ಜೆಯಲ್ಲಿಯೇ.

ಇಂಥ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮೈಲೋಮಾದವರಲ್ಲಿ ಶೇ. 43, ಸ್ತನ ಕ್ಯಾನ್ಸರಿನವರಲ್ಲಿ ಶೇ. 35 ಮಂದಿಗೆ ಮೂಳೆ ಮುರಿದಿತ್ತು. ಸ್ತನ ಕ್ಯಾನ್ಸರಿನಲ್ಲಿ ಮುರಿತ ಕಂಡವರ ಸಾವಿನ ಅಪಾಯ ಸುಮಾರು ಶೇ. 30 ಹೆಚ್ಚು. ಮುರಿತವೇ ಕೊಂದಿತೆಂದಲ್ಲ. ರೋಗ ಬಲಿತದ್ದರ ಗುರುತೂ ಅದೇ. ಹಾಸಿಗೆ ಹಿಡಿಸಿ ಚಿಕಿತ್ಸೆಯನ್ನು ತಡೆಯುವುದೂ ಅದೇ. ಹಾಗಾಗಿ ಎಲುಬು ಕರಗುವುದನ್ನು ತಡೆಯುವ ಜೊಲೆಡ್ರಾನಿಕ್ ಆಮ್ಲದ ಚುಚ್ಚುಮದ್ದು, ವಿಕಿರಣ, ತೊಡೆಮೂಳೆ ಮುರಿಯುವ ಮೊದಲೇ ಒಳಗೆ ಲೋಹದ ಸರಳು ಹಾಕುವ ಶಸ್ತ್ರಕ್ರಿಯೆ.

ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರ ಈಗ ಕಲಬುರಗಿಯಲ್ಲೂ ಇದೆ. ರೋಗಿಗಳು ಅಲ್ಲಿಂದ ಊರಿಗೆ ಮರಳಿದ ಮೇಲೆ ಜನರ ಬಾಯಲ್ಲಿ ಎಲ್ಲವೂ 'ಎಲಬಿನ ಕ್ಯಾನ್ಸರ್' ಆಗಿಬಿಡುತ್ತದೆ: ಹದಿಹರೆಯದಲ್ಲಿ ಹೆಚ್ಚು ಕಾಣುವ, ಎಲುಬಿನಲ್ಲೇ ಹುಟ್ಟುವ ಆಸ್ಟಿಯೋಸಾರ್ಕೋಮಾ, ಮಜ್ಜೆಯ ಮೈಲೋಮಾ, ಬೇರೆಡೆಯಿಂದ ಹರಡಿದ್ದು. ಮೂರಕ್ಕೂ ಔಷಧ ಬೇರೆ, ಆಯಸ್ಸಿನ ಲೆಕ್ಕವೂ ಬೇರೆ.