ಹಾಲು, ತುಪ್ಪ, ಕರಿಮಣಿ

ಈ ಕವಿಯ ಶೈಲಿಯನ್ನು ವಿಮರ್ಶಿಸಿರಿ ಎಂಬ ಪ್ರಶ್ನೆ ನಮ್ಮ ಪರೀಕ್ಷೆಗಳಲ್ಲಿ ಬಾರದ ವರ್ಷವಿಲ್ಲ. ಉತ್ತರವೂ ಹೆಚ್ಚುಕಡಿಮೆ ಗೊತ್ತಾದದ್ದೇ: ಶೈಲಿ ಸರಳವಾಗಿದೆ, ಲಲಿತವಾಗಿದೆ, ಸಂಸ್ಕೃತ ಪದಗಳು ಹೇರಳವಾಗಿವೆ, ಇಲ್ಲವೆ ಅಚ್ಚಗನ್ನಡದ ಸೊಗಸಿದೆ. ಮೊದಲಿನ ಎರಡು ಮಾತು ಯಾವ ಕವಿಯ ಮೈಗಾದರೂ ಒಪ್ಪುವ ಸಿದ್ಧ ಉಡುಪು, ಅವನ್ನು ಬಿಟ್ಟುಬಿಡೋಣ. ಉಳಿದ ಎರಡನ್ನು ಹಾಗೆ ಬಿಡುವಂತಿಲ್ಲ. ಸಂಸ್ಕೃತವೆಷ್ಟು, ಕನ್ನಡವೆಷ್ಟು ಎಂದು ತೂಗಿ ನೋಡುವ ಈ ಚಾಳಿ ನಮ್ಮ ಹುಡುಗರದಲ್ಲ. ಅದಕ್ಕೆ ಸಾವಿರ ವರ್ಷ ವಯಸ್ಸಾಗಿದೆ. ಆ ತಕ್ಕಡಿಯಿಂದ ಶೈಲಿ ತಿಳಿಯುವುದೇ ಎಂಬುದು ನನ್ನ ಬಹುದಿನದ ಸಂದೇಹ.

ನಮಗೆ ದೊರೆತ ಮೊದಲ ಕನ್ನಡ ಗ್ರಂಥದ ಹೆಸರಿನಲ್ಲಿಯೇ ಶೈಲಿಯಿದೆ. ಸುಮಾರು 850ರಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ದ ಮಾರ್ಗವೆಂದರೆ ಕವಿಗಳು ನಡೆಯುವ ದಾರಿ, ಅವರ ರೀತಿ. ದಂಡಿಯ 'ಕಾವ್ಯಾದರ್ಶ'ವನ್ನು ಎದುರಿಗಿಟ್ಟುಕೊಂಡು ಬರೆದ ಗ್ರಂಥವದು. ದಂಡಿ ಹೇಳಿದ ವೈದರ್ಭ, ಗೌಡ ಮಾರ್ಗಗಳು ಇಲ್ಲಿ ದಕ್ಷಿಣೋತ್ತರ ಮಾರ್ಗಗಳಾಗಿವೆ. ಹತ್ತು ಗುಣಗಳು ಸಾಲಾಗಿ ನಿಂತಿವೆ. ಆದರೆ ಗ್ರಂಥಕಾರನ ಸ್ವಂತ ದನಿ ಕೇಳಬೇಕಾದರೆ ಅವನು ಕನ್ನಡದ ಕಷ್ಟಸುಖಕ್ಕೆ ಇಳಿದ ಭಾಗಗಳಿಗೆ ಬರಬೇಕು. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಸಮಾಸದಲ್ಲಿ ಕೂಡಿಸುವವರನ್ನು ಕಂಡರೆ ಅವನಿಗಾಗದು. ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರಸಿದಂತೆ ಎನ್ನುತ್ತಾನೆ. ಬಳಕೆ ತಪ್ಪಿದ ಹಳೆಯ ಮಾತುಗಳನ್ನು ತನ್ನ ಕಾಲದ ಕಾವ್ಯಕ್ಕೆ ಎಳೆದು ತರುವವರ ಮೇಲೂ ಅವನಿಗೆ ಸಿಟ್ಟಿದೆ. ನಮಗೆ ಹಳಗನ್ನಡವಾಗಿರುವ ಅವನ ಭಾಷೆಗೂ ಹಿಂದೆ ಒಂದು ಹಳಗನ್ನಡವಿತ್ತು, ಅದು ಆಗಲೇ ರುಚಿಗೆಟ್ಟಿತ್ತು ಎಂಬುದು ಗಮನಿಸತಕ್ಕ ಸಂಗತಿ.

ಎರಡೂವರೆ ಶತಮಾನ ಕಳೆದ ಮೇಲೆ ಇದೇ ವಾದ ಮುಳುಗುಂದದಲ್ಲಿ ಕೇಳಿಬರುತ್ತದೆ. 1112ರಲ್ಲಿ 'ಧರ್ಮಾಮೃತ'ವನ್ನು ಬರೆದ ನಯಸೇನ, ಸಂಸ್ಕೃತದಲ್ಲಿ ಹೇಳಬೇಕೆಂದಿದ್ದರೆ ಸಂಸ್ಕೃತದಲ್ಲಿಯೇ ಹೇಳಲಿ, ಶುದ್ಧ ಕನ್ನಡದ ನಡುವೆ ಅದನ್ನು ತಂದಿಕ್ಕುವುದೇಕೆ ಎಂದು ಕೇಳುತ್ತಾನೆ. ತುಪ್ಪವನ್ನೂ ಎಣ್ಣೆಯನ್ನೂ ಬೆರಸುವುದು ತಕ್ಕುದೇ ಎಂಬುದು ಅವನ ಪ್ರಶ್ನೆ. ಕನ್ನಡಾಭಿಮಾನದ ಭಾಷಣಗಳಲ್ಲಿ ಈ ಕಂದಪದ್ಯ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಆದರೆ ಪದ್ಯದಲ್ಲಿ ಅವನು ತುಪ್ಪವೆಂದೂ ಹೇಳಿಲ್ಲ, ಎಣ್ಣೆಯೆಂದೂ ಹೇಳಿಲ್ಲ. ಘೃತ ಎಂದಿದ್ದಾನೆ, ತೈಲ ಎಂದಿದ್ದಾನೆ! ಬೆರಕೆ ಬೇಡವೆನ್ನುವ ಮಾತಿನಲ್ಲಿಯೇ ಸಂಸ್ಕೃತದ ಎರಡು ಪದಗಳಿಗೆ ಕನ್ನಡದ ಪ್ರತ್ಯಯ ಹಚ್ಚಿಟ್ಟಿದ್ದಾನೆ.

ಛಂದಸ್ಸಿನ ಒತ್ತಾಯವಿರಬಹುದು ಎಂದು ಯಾರಾದರೂ ಅವನ ಪರವಾಗಿ ನಿಲ್ಲಬಹುದು. ಒತ್ತಾಯವಿತ್ತೋ ಇಲ್ಲವೋ ತಿಳಿಯಲು ಒಂದು ಸುಲಭವಾದ ಉಪಾಯವಿದೆ: ಪದ ಬದಲಿಸಿ ನೋಡುವುದು. ಘೃತ, ತೈಲಗಳನ್ನು ತೆಗೆದು ಆ ಸ್ಥಳದಲ್ಲಿ 'ತುಪ್ಪಮುಮನೆಣ್ಣೆಯುಮಂ' ಎಂದಿಟ್ಟು ಎಣಿಸಿದೆ. ಕಂದದ ನಾಲ್ಕನೆಯ ಪಾದಕ್ಕೆ ಬೇಕಾದ ಇಪ್ಪತ್ತು ಮಾತ್ರೆ ಸರಿಯಾಗಿ ಬರುತ್ತದೆ. ಕಂದದ ಪ್ರತಿಯೊಂದು ಅರ್ಧದ ಆರನೆಯ ಗಣ ಒಂದೋ ಜಗಣವಾಗಿರಬೇಕು, ಇಲ್ಲವೆ ಅದರ ನಾಲ್ಕೂ ಅಕ್ಷರ ಲಘುವಾಗಿರಬೇಕು ಎಂಬುದು ನಿಯಮವಷ್ಟೆ. ನಯಸೇನನ ಪಾದದಲ್ಲಿ ಆ ಗಣ ಸರ್ವಲಘು. ನನ್ನ ತುಪ್ಪ ಬಂದು ಕುಳಿತರೆ ಜಗಣವಾಗುತ್ತದೆ. ಎರಡೂ ಶುದ್ಧವೇ. ಪ್ರಾಸಕ್ಕಂತೂ ಇದರಿಂದ ಏನೂ ಬಾಧೆಯಿಲ್ಲ, ಅದು ಪಾದದ ಮೊದಲ ಪದದಲ್ಲಿಯೇ ಮುಗಿದಿದೆ. ಹಾಗಾದರೆ ಕವಿಯ ಕೈಯನ್ನು ಯಾರೂ ಹಿಡಿದಿರಲಿಲ್ಲ; ಅಡುಗೆಮನೆಯ ಮಾತು ಬಾಗಿಲಲ್ಲಿಯೇ ನಿಂತಿದ್ದರೂ ಅವನು ಅದನ್ನು ಒಳಕ್ಕೆ ಕರೆಯಲಿಲ್ಲ.

ಅಭ್ಯಾಸಬಲದಿಂದ ಹೀಗಾಯಿತೆನ್ನಬಹುದು, 'ಧರ್ಮಾಮೃತ'ದ ಉಳಿದ ಕಡೆಗಳಲ್ಲಿ ಸಂಸ್ಕೃತಕ್ಕೇನೂ ಬರವಿಲ್ಲ. ನನಗೆ ಮಾತ್ರ ಇದು ಬೇಕೆಂದೇ ಮಾಡಿದ ತುಂಟತನವೆಂದು ತೋರುತ್ತದೆ. ಅದೇ ಪದ್ಯದಲ್ಲಿ ಸಂಸ್ಕೃತದ ಹೆಸರನ್ನು ಕನ್ನಡಿಸಿ 'ಸಕ್ಕದ' ಎಂದಿದ್ದಾನೆ. ತುಪ್ಪ ಎಣ್ಣೆಗಳಿಗೆ ಸಂಸ್ಕೃತದ ಹೆಸರಿಟ್ಟಿದ್ದಾನೆ. ಬೆರಕೆ ಹೇಗಿರುತ್ತದೆಂದು ವರ್ಣಿಸುವ ಬದಲು ಬೆರಸಿಯೇ ತೋರಿಸಿದಂತಾಯಿತು. ಸಾಲುಸಾಲಾಗಿ ಗಾದೆ, ಹೋಲಿಕೆಗಳನ್ನು ಪೋಣಿಸುವ, ಜನರ ಮಾತಿಗೆ ಕಿವಿಗೊಟ್ಟ ಆ ಕವಿಗೆ ಇಂಥದು ಸಹಜವೇ. ಇರಲಿ, ಒಪ್ಪದವರು ಒಪ್ಪದಿರಬಹುದು. ಆದರೆ ಸಂಸ್ಕೃತ ಪದಗಳೆರಡು ಎಂದು ಎಣಿಸಿ ಬರೆದ ವಿದ್ಯಾರ್ಥಿಗೆ ಈ ಚರ್ಚೆಯ ಬಾಗಿಲೇ ತೆರೆಯುವುದಿಲ್ಲ. ಆ ಎರಡು ಪದ ಅಲ್ಲೇಕೆ ಇವೆ, ಬೇರೆಯವು ಬಂದಿದ್ದರೆ ಏನು ಹೋಗುತ್ತಿತ್ತು ಎಂದು ಕೇಳಿದವನಿಗೆ ಮಾತ್ರ ತೆರೆಯುತ್ತದೆ.

ಈ ವಾದದ ಮೂರನೆಯ ಹೋಲಿಕೆ ಅಡುಗೆಮನೆಯದಲ್ಲ. ಮುದ್ದಣನ 'ಶ್ರೀ ರಾಮಾಶ್ವಮೇಧ'ದಲ್ಲಿ ಮಳೆಗಾಲದ ಬೇಸರ ಕಳೆಯಲು ಮನೋರಮೆ ಗಂಡನಿಂದ ಕತೆ ಕೇಳಲು ಕೂಡುತ್ತಾಳೆ. ಅವನು ಸಂಸ್ಕೃತದ ಬಿಗಿಯಲ್ಲಿ ಪ್ರಾರಂಭಿಸಿದ ಕೂಡಲೇ, ನೀರೇ ಇಳಿಯದ ಕಡೆ ಕಡುಬು ಇಳಿಯುವುದೇ ಎಂದು ಹಾಸ್ಯ ಮಾಡುತ್ತಾಳೆ. ಆಗ ಅವನು, ಕರಿಮಣಿಯ ಸರದ ನಡುನಡುವೆ ಕೆಂಪು ಹವಳ ಪೋಣಿಸಿದ ಹಾಗೆ ಕನ್ನಡದಲ್ಲಿ ಅಲ್ಲಲ್ಲಿ ಸಂಸ್ಕೃತವನ್ನಿಟ್ಟು ಹೇಳುತ್ತೇನೆಂದು ಒಪ್ಪಿಕೊಳ್ಳುತ್ತಾನೆ. ಹಾಲಿಗೆ ಬಿದ್ದ ಮಜ್ಜಿಗೆಯನ್ನಾಗಲಿ, ತುಪ್ಪಕ್ಕೆ ಸುರಿದ ಎಣ್ಣೆಯನ್ನಾಗಲಿ ಮರಳಿ ತೆಗೆಯುವಂತಿಲ್ಲ. ಸರದಲ್ಲಿ ಹಾಗಲ್ಲ; ಕರಿಮಣಿ ಕರಿಮಣಿಯಾಗಿಯೇ, ಹವಳ ಹವಳವಾಗಿಯೇ ಇರುತ್ತದೆ, ದಾರ ಒಂದೇ. ಮುದ್ದಣ ಹಳೆಯ ಆಚಾರ್ಯನ ಮಾತನ್ನು ಮುರಿದನೆಂದು ಹೇಳುವವರಿದ್ದಾರೆ. ಆಚಾರ್ಯನ ಆಕ್ಷೇಪವೆಲ್ಲ ಕರಗಿ ಒಂದಾಗುವ ಸಮಾಸಕ್ಕೆ. ಬಿಡಿಯಾಗಿ ನಿಂತ ಹವಳಕ್ಕಲ್ಲ. ನೋಡಹೋದರೆ ಇಬ್ಬರಲ್ಲಿ ಜಗಳವೇ ಇಲ್ಲ.

ಮುದ್ದಣ ಮುರಿದದ್ದು ಇನ್ನೊಂದು ಅಪ್ಪಣೆಯನ್ನು: ಸತ್ತ ಮಾತುಗಳನ್ನು ಎಬ್ಬಿಸಬೇಡಿ ಎಂಬುದನ್ನು. ನಂದಳಿಕೆಯ ಲಕ್ಷ್ಮೀನಾರಾಯಣ, 1870ರಲ್ಲಿ ಹುಟ್ಟಿ ಉಡುಪಿಯ ಶಾಲೆಯಲ್ಲಿ ಅಂಗಸಾಧನೆಯ ಉಪಾಧ್ಯಾಯನಾಗಿದ್ದವನು, ಜನರ ಬಾಯಿಂದ ಎಂದೋ ಅಳಿದುಹೋದ ಕನ್ನಡದಲ್ಲಿ ಬರೆದು, ಇದೊಂದು ಹಳೆಯ ಕೃತಿಯೆಂದು ಹೇಳಿ ಮೈಸೂರಿಗೆ ಕಳುಹಿಸಿದ. ಅಲ್ಲಿ 'ಕಾವ್ಯಮಂಜರಿ' ಪ್ರಾಚೀನ ಕಾವ್ಯಗಳನ್ನು ಅಚ್ಚಿಗೆ ತರುತ್ತಿತ್ತು. ಹೊಸಬನ ಹೊಸ ಗ್ರಂಥಕ್ಕೆ ಅಲ್ಲಿ ಎಷ್ಟು ಆದರ ದೊರೆಯುತ್ತಿತ್ತೆಂಬುದು ಊಹಿಸತಕ್ಕದ್ದೇ. 'ಅದ್ಭುತ ರಾಮಾಯಣ' 1895ರಲ್ಲಿಯೂ 'ಶ್ರೀ ರಾಮಪಟ್ಟಾಭಿಷೇಕ' 1896ರಲ್ಲಿಯೂ ಹೊರಬಂದವು. 1899ರಿಂದ 1901ರ ವರೆಗೆ 'ರಾಮಾಶ್ವಮೇಧ'. ಪದಗಳ ಉಡುಪು ನೋಡಿದವರಿಗೆ ಅದು ಹಳೆಯದೇ.

ಇಲ್ಲಿ ಪದ ಬದಲಿಸುವ ಉಪಾಯವನ್ನೇ ಸ್ವಲ್ಪ ಹಿಗ್ಗಿಸಬೇಕಾಗುತ್ತದೆ. ತರಗತಿಯಲ್ಲಿ ನಾನು ಮಾಡಿಸುವ ಒಂದು ಕೆಲಸವಿದು. ಮನೋರಮೆಯ ಒಂದು ಪುಟದ ಸಂಭಾಷಣೆಯನ್ನು ತೆಗೆದುಕೊಂಡು ಮೇಲಿನ ಸಿಪ್ಪೆಯನ್ನಷ್ಟೇ ಸುಲಿಯಬೇಕು: ಪಕಾರವಿದ್ದಲ್ಲಿ ಹಕಾರ, ವ್ಯಂಜನದಲ್ಲಿ ನಿಂತ ಪದಕ್ಕೆ ಉಕಾರ, ಒಳ್ ಪ್ರತ್ಯಯಕ್ಕೆ ಅಲ್ಲಿ. ವಾಕ್ಯದ ಕ್ರಮವನ್ನು ಮುಟ್ಟಬಾರದು. ಇದೇ ರೀತಿ 'ವಡ್ಡಾರಾಧನೆ'ಯ ಒಂದು ಪುಟವನ್ನೂ ಸುಲಿಯಬೇಕು. ಎರಡನ್ನೂ ಗಟ್ಟಿಯಾಗಿ ಓದಿಸಿದರೆ ವ್ಯತ್ಯಾಸವನ್ನು ಹೇಳಿಕೊಡಬೇಕಾಗಿಲ್ಲ. 'ವಡ್ಡಾರಾಧನೆ'ಯಲ್ಲಿ ಪದಗಳು ಹೊಸವಾದರೂ ವಾಕ್ಯ ಹಳೆಯ ನಡಿಗೆಯನ್ನು ಬಿಡುವುದಿಲ್ಲ. ಹೋಗಿ, ಕಂಡು, ವಂದಿಸಿ, ಕೇಳಿ ಎಂದು ಕೃದಂತದ ಮೇಲೆ ಕೃದಂತ ಕೂಡಿ, ಉಸಿರು ಮುಗಿಯುವ ಹೊತ್ತಿಗೆ ಕ್ರಿಯಾಪದ ಬರುತ್ತದೆ. ಮನೋರಮೆಯ ಪುಟವೋ ಕರಾವಳಿಯ ಯಾವುದೋ ಮನೆಯ ಜಗಲಿಯಲ್ಲಿ ಇಂದು ಬೆಳಿಗ್ಗೆ ಆಡಿದ ಮಾತಿನಂತಿರುತ್ತದೆ. ತುಂಡು ಪ್ರಶ್ನೆ, ಅದಕ್ಕೊಂದು ಮರುಪ್ರಶ್ನೆ, ಉದ್ಗಾರ, ಹುಸಿಮುನಿಸು.

ಕೇಳುಗಳ ಸ್ವಭಾವವೂ ಅಷ್ಟೇ. ನಮ್ಮ ಜೈನಪುರಾಣಗಳಲ್ಲಿ ಶ್ರೇಣಿಕ ಮಹಾರಾಜ ಗೌತಮ ಗಣಧರರನ್ನು ಕೈಮುಗಿದು ಕೇಳುತ್ತಾನೆ. ಭಾರತದಲ್ಲಿ ಜನಮೇಜಯ ಕೇಳುತ್ತಾನೆ. ಕತೆ ಚೆನ್ನಾಗಿಲ್ಲ, ಬೇರೆ ರೀತಿ ಹೇಳಿರಿ ಎಂದು ಇಬ್ಬರೂ ಹೇಳಿದವರಲ್ಲ. ಮನೋರಮೆ ಹೇಳುತ್ತಾಳೆ. ಪದ್ಯ ಬೇಡ, ಗದ್ಯವಿರಲಿ ಎಂದು ಚೌಕಾಸಿ ಮಾಡುತ್ತಾಳೆ. ಕತೆ ಪದ್ಮಪುರಾಣದಿಂದ ಬಂದದ್ದು. ಕತೆ ಕೇಳುವ ಹೆಂಡತಿ ಹತ್ತೊಂಬತ್ತನೆಯ ಶತಮಾನದವಳು.

ಈ ಪರೀಕ್ಷೆ ಎಲ್ಲ ಕಡೆಯೂ ಫಲಿಸುವುದೆಂದು ಹೇಳಲಾರೆ. ಅದೇ ಗ್ರಂಥದ ಯುದ್ಧವರ್ಣನೆಗಳನ್ನು ಸುಲಿಯಲು ಹೊರಟರೆ ಸಿಪ್ಪೆಯೊಡನೆ ತಿರುಳೂ ಕಿತ್ತುಬರುತ್ತದೆ. ಅಲ್ಲಿ ಮುದ್ದಣ ಹಳಬರ ಹಾದಿಯನ್ನೇ ಹಿಡಿದಿದ್ದಾನೆ, ಹಿಡಿದು ಸ್ವಲ್ಪ ದಣಿದಿದ್ದಾನೆ ಎಂದೂ ನನಗನಿಸಿದೆ. ಗಂಡಹೆಂಡಿರು ಮಾತಿಗೆ ತೊಡಗಿದೊಡನೆ ದಣಿವು ಮಾಯವಾಗುತ್ತದೆ.

1901ರ ಫೆಬ್ರವರಿಯಲ್ಲಿ ಕ್ಷಯರೋಗ ಅವನನ್ನು ಒಯ್ದಾಗ ಅವನಿಗೆ ಮೂವತ್ತೊಂದು ವರ್ಷ. ಬರೆದವನು ಅವನೇ ಎಂಬುದು ನಾಡಿಗೆ ತಿಳಿದದ್ದು ಅನಂತರ. ಪುಸ್ತಕದಲ್ಲಿ ಹೆಸರೇನೂ ಮರೆಯಾಗಿರಲಿಲ್ಲ. ಕತೆ ಹೇಳುವ ಗಂಡನಿಗೆ ಅವನು ಇಟ್ಟಿದ್ದ ಮುದ್ದಣ ಎಂಬ ಹೆಸರು, ಚಿಕ್ಕಂದಿನಲ್ಲಿ ಮನೆಯವರು ಅವನನ್ನು ಕರೆಯುತ್ತಿದ್ದ ಮುದ್ದಿನ ಹೆಸರೇ ಆಗಿತ್ತು.