ಇ-ಖಾತಾ ಮಾಡಿಸದಿದ್ದರೆ ಮನೆ ಕೈತಪ್ಪುತ್ತದೆಯೇ?

‘ಇ-ಖಾತಾ ಮಾಡಿಸದಿದ್ದರೆ ನಿಮ್ಮ ಮನೆ ಸರ್ಕಾರದ ಪಾಲು’ ಎಂಬ ಫಾರ್ವರ್ಡ್ ನಿಮಗೂ ಬಂದಿದೆಯೇ? ಅದು ಸುಳ್ಳು.

ಖಾತಾ ಎಂಬುದು ಆಸ್ತಿ ತೆರಿಗೆಗಾಗಿ ಪಾಲಿಕೆ ಇಡುವ ದಾಖಲೆ. ಮಾಲೀಕತ್ವಕ್ಕೆ ಆಧಾರ ಕ್ರಯಪತ್ರದಂತಹ ನೋಂದಾಯಿತ ಪತ್ರಗಳು. ಹಳೆಯ ರಿಜಿಸ್ಟರ್ ಪುಸ್ತಕಗಳಲ್ಲಿದ್ದ ಖಾತಾ ವಿವರಗಳನ್ನು ಬಿಬಿಎಂಪಿ ಕಂಪ್ಯೂಟರ್‌ಗೆ ಏರಿಸಿತು. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಆಸ್ತಿ ಮಾರಾಟದ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. ಅಂದರೆ ಜಯನಗರದಲ್ಲಿರಲಿ, ಬನಶಂಕರಿಯಲ್ಲಿರಲಿ, ನಿಮ್ಮ ಮನೆ ನಿಮ್ಮದೇ. ಆದರೆ ಮಾರಲು ಹೊರಟರೆ ಇ-ಖಾತಾ ಬೇಕೇ ಬೇಕು.

ಇ-ಆಸ್ತಿ ಜಾಲತಾಣದಲ್ಲಿ ನಿಮ್ಮ ಕರಡು ಖಾತಾ ತೆರೆದು ಹೆಸರು, ಅಳತೆ, ವಿಳಾಸ ಸರಿಯಿದೆಯೇ ನೋಡಿ. ಕಾಗದದಿಂದ ಏರಿಸುವಾಗ ತಪ್ಪು ನುಸುಳಿರಬಹುದು. ಮೂಲ ಕ್ರಯಪತ್ರವನ್ನು ಜೋಪಾನವಾಗಿಡಿ. ತಪ್ಪು ತಿದ್ದಿಸಲು ಅದೇ ಆಧಾರ.